ಅಲ್ಯೂಮಿನಿಯಂಗೆ ಬಣ್ಣ ಹತ್ತುವ ಬಗೆ



ಬೆಳಗಾವಿಯ ಕ್ಯಾಂಪ್ ದಂಡಿನ ಪ್ರದೇಶ. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಊರಿದು. ದಂಡು ಇದ್ದಲ್ಲಿ ಹಿತ್ತಾಳೆಯ ಗುಂಡಿ, ಬಕಲ್‌ಗಳನ್ನು ತಿಕ್ಕಿ ತಿಕ್ಕಿ ಹೊಳಪು ಬರಿಸುವ ಕೆಲಸವೂ ತಪ್ಪಿದ್ದಲ್ಲ. ಇದಕ್ಕೆ ಪರಿಹಾರವಾಗಿ ಬ್ರಿಟಿಷ್ ಸೇನೆಯು 1950ರ ದಶಕದಲ್ಲಿ ಚಿನ್ನದ ಬಣ್ಣದ ಅಲ್ಯೂಮಿನಿಯಂ ಗುಂಡಿಗಳನ್ನು ಬಳಕೆಗೆ ತಂದಿತು. ಇವು ಮಾಸುವುದಿಲ್ಲ, ಇವನ್ನು ತಿಕ್ಕಬೇಕಾಗಿಲ್ಲ. ಅಲ್ಯೂಮಿನಿಯಂಗೆ ಆ ಬಣ್ಣ ಕೊಟ್ಟ ವಿದ್ಯೆಯ ಹೆಸರು ಆನೋಡೈಸಿಂಗ್.

ಇಂದು ಈ ಬಣ್ಣವನ್ನು ಕೇಳುವವರು ತರುಣರು. ಮೋಟಾರ್ ಸೈಕಲ್ಲಿನ ಲಿವರ್, ಸೈಕಲ್ಲಿನ ಹಬ್, ಪೇಂಟ್‌ಬಾಲ್ ಆಟದ ಮಾರ್ಕರ್ ತಮಗೆ ಬೇಕಾದ ಬಣ್ಣದಲ್ಲೇ ಇರಬೇಕೆಂಬುದು ಅವರ ಆಸೆ. ಪೇಂಟ್‌ಬಾಲ್ ಎಂದರೆ ಬಣ್ಣ ತುಂಬಿದ ಗುಳಿಗೆಯನ್ನು ಗಾಳಿಯ ಒತ್ತಡದಿಂದ ಎದುರಾಳಿಯ ಮೇಲೆ ಹಾರಿಸುವ ಆಟ. ಮರಗಳಿಗೂ ದನಗಳಿಗೂ ದೂರದಿಂದ ಗುರುತು ಹಾಕಲು ಮಾಡಿದ್ದ ಉಪಕರಣವನ್ನೇ ಹಿಡಿದು 1981ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹನ್ನೆರಡು ಮಂದಿ ಮೊದಲ ಆಟ ಆಡಿದರು. ಗುರುತು ಹಾಕುವ ಸಾಧನವಾದ್ದರಿಂದ ಅದಕ್ಕೆ ಮಾರ್ಕರ್ ಎಂಬ ಹೆಸರೇ ಉಳಿಯಿತು. ಆನೋಡೈಸಿಂಗ್ ಕೆಲಸದ ಗುಣದೋಷಗಳೆಲ್ಲ ಬಯಲಾಗುವ ವಸ್ತು ಇದು. ಆದ್ದರಿಂದ ಇದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡೋಣ. ಆನೋಡೈಸಿಂಗ್ ಮೇಲಿನಿಂದ ಬಳಿಯುವ ಬಣ್ಣವಲ್ಲ, ಬೇರೆ ಲೋಹದ ಲೇಪನವೂ ಅಲ್ಲ. ಕಬ್ಬಿಣ ಗಾಳಿಗೆ ಒಡ್ಡಿಕೊಂಡರೆ ತುಕ್ಕು ಹಿಡಿದು ಉದುರುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ಗಾಳಿ ತಾಗಿದ ಕೂಡಲೇ ಅದರ ಮೇಲೆ ಆಕ್ಸೈಡಿನ ತೆಳುವಾದ ಪೊರೆ ಮೂಡಿ ಅದನ್ನು ಕಾಯುತ್ತದೆ. ಈ ಪೊರೆ ಮಿಲಿಮೀಟರಿನ ಲಕ್ಷದ ಒಂದು ಭಾಗಕ್ಕಿಂತಲೂ ತೆಳು. ವಿದ್ಯುತ್ತಿನ ಸಹಾಯದಿಂದ ಈ ಪೊರೆಯನ್ನು ಸಾವಿರಾರು ಪಟ್ಟು ದಪ್ಪವಾಗಿ ಬೆಳೆಸುವುದೇ ಆನೋಡೈಸಿಂಗ್. ಅಂದರೆ ಲೋಹವೇ ತನ್ನ ಚರ್ಮವನ್ನು ತಾನು ಬೆಳೆಸಿಕೊಳ್ಳುತ್ತದೆ.

ಬೆಳಗಾವಿಯವರಿಗೆ ಈ ಚರ್ಮ ಅಪರಿಚಿತವೇನಲ್ಲ. ಯಮನಾಪುರದ ಕಾರ್ಖಾನೆಯಲ್ಲಿ ಬಾಕ್ಸೈಟ್ ಅದಿರಿನಿಂದ ತಯಾರಾಗುವ ಬಿಳಿಯ ಪುಡಿ, ಅಲ್ಯೂಮಿನಾ, ಇದೇ ಅಲ್ಯೂಮಿನಿಯಂ ಆಕ್ಸೈಡ್. ಮೊದಲು ಇಂಡಾಲ್ ಕಂಪನಿಯದಾಗಿದ್ದ ಆ ಕಾರ್ಖಾನೆ ಈಗ ಹಿಂಡಾಲ್ಕೊ ಕೈಯಲ್ಲಿದೆ. ಮಾಣಿಕ್ಯ ಮತ್ತು ನೀಲಮಣಿಗಳ ಮೂಲದ್ರವ್ಯವೂ ಇದೇ ಆಕ್ಸೈಡ್. ಆನೋಡೈಸ್ ಮಾಡಿದ ಮೇಲ್ಮೈ ಅಷ್ಟು ಗಟ್ಟಿಯಾಗಿರುವುದೇಕೆಂದು ಇದರಿಂದ ಊಹಿಸಬಹುದು.

ಕೆಲಸ ನಡೆಯುವ ಕ್ರಮ ಹೀಗಿದೆ. ವಸ್ತುವಿನ ಜಿಡ್ಡನ್ನು ಚೆನ್ನಾಗಿ ತೊಳೆಯುತ್ತಾರೆ. ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ, ಮೇಲಿನ ಕರಿ ಕಳೆದು, ಮತ್ತೆ ತೊಳೆಯುತ್ತಾರೆ. ಆಮೇಲೆ ಶೇಕಡಾ 15ರಿಂದ 20ರಷ್ಟು ಗಂಧಕಾಮ್ಲವಿರುವ ತೊಟ್ಟಿಯಲ್ಲಿ ತೂಗುಹಾಕಿ, ನೇರ ವಿದ್ಯುತ್ತಿನ ಧನಾಗ್ರಕ್ಕೆ, ಎಂದರೆ ಆನೋಡಿಗೆ, ಜೋಡಿಸುತ್ತಾರೆ. ಹೆಸರು ಬಂದದ್ದು ಇದರಿಂದಲೇ. 12ರಿಂದ 18 ವೋಲ್ಟ್ ಸಾಕು. ಆದರೆ ತೊಟ್ಟಿಯ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲಬೇಕು. ವಿದ್ಯುತ್ತಿನಿಂದ ಆಮ್ಲ ಬಿಸಿಯಾಗುತ್ತ ಹೋಗುತ್ತದೆ. ತಂಪು ಮಾಡುವ ವ್ಯವಸ್ಥೆ ಇಲ್ಲದಿದ್ದರೆ ಪೊರೆ ಮೆತ್ತಗಾಗಿ ಕೈಗೆ ಪುಡಿ ಹತ್ತುತ್ತದೆ. ಅರ್ಧ ತಾಸಿನಿಂದ ಒಂದು ತಾಸಿನಲ್ಲಿ 10ರಿಂದ 25 ಮೈಕ್ರಾನ್ ಪೊರೆ ಬೆಳೆಯುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ.

ಹೀಗೆ ಬೆಳೆದ ಪೊರೆ ಜೇನುಗೂಡಿನಂತೆ ರಂಧ್ರಮಯ. ಒಂದು ಚದರ ಸೆಂಟಿಮೀಟರಿನಲ್ಲಿ ಸಾವಿರಾರು ಕೋಟಿ ರಂಧ್ರಗಳು. ವಸ್ತುವನ್ನು ಸುಮಾರು 60 ಡಿಗ್ರಿ ಬಿಸಿಯ ಬಣ್ಣದ ನೀರಿನಲ್ಲಿ ಅದ್ದಿದಾಗ, ನೂಲಿಗೆ ಬಣ್ಣ ಹತ್ತುವಂತೆ, ಈ ರಂಧ್ರಗಳಿಗೆ ಬಣ್ಣ ಇಳಿಯುತ್ತದೆ. ನಿಧಾನವಾಗಿ ಮೇಲೆತ್ತುತ್ತ ಹೋದರೆ ಬಣ್ಣ ಒಂದು ತುದಿಯಿಂದ ಇನ್ನೊಂದು ತುದಿಗೆ ತಿಳಿಯಾಗುತ್ತ ಬರುತ್ತದೆ. ಕೆಲವು ಭಾಗ ಮುಚ್ಚಿ, ಉಳಿದ ಕಡೆಯ ಬಣ್ಣ ತೆಗೆದು, ಎರಡನೆಯ ಬಣ್ಣ ಕೊಟ್ಟರೆ ಚಿತ್ತಾರ ಮೂಡುತ್ತದೆ. ಮಾರ್ಕರುಗಳ ಮೇಲೆ ಕಾಣುವ ಜ್ವಾಲೆ, ಎರಚಿದಂಥ ಬಣ್ಣ ಇವೆಲ್ಲದರ ಗುಟ್ಟು ಇಷ್ಟೇ.

ಕಣ್ಣಿಗೆ ಕೆಲಸ ಮುಗಿದಂತೆ ಕಾಣುವುದು ಇಲ್ಲಿ. ಆದರೆ ನಿಜವಾದ ಪರೀಕ್ಷೆ ಮುಂದಿದೆ. ತೆರೆದ ರಂಧ್ರಗಳಲ್ಲಿ ಇಳಿದ ಬಣ್ಣ ಹಾಗೆಯೇ ಹೊರಗೂ ಬರಬಲ್ಲದು. ಕುದಿಯುವಷ್ಟು ಬಿಸಿಯಾದ ಶುದ್ಧ ನೀರಿನಲ್ಲಿ ವಸ್ತುವನ್ನು ಇಟ್ಟಾಗ ಆಕ್ಸೈಡು ನೀರು ಹೀರಿ ಉಬ್ಬಿ ರಂಧ್ರಗಳ ಬಾಯಿ ಮುಚ್ಚುತ್ತದೆ. ಪ್ರತಿ ಮೈಕ್ರಾನಿಗೆ ಎರಡು-ಮೂರು ನಿಮಿಷದ ಲೆಕ್ಕ. 10 ಮೈಕ್ರಾನ್ ಪೊರೆಗೆ ಅರ್ಧ ತಾಸು ಬೇಕು. ಇದಕ್ಕೆ ಸೀಲಿಂಗ್ ಎನ್ನುತ್ತಾರೆ. ಗಡಿಬಿಡಿಯಲ್ಲಿ ಸಮಯ ಕದಿಯುವುದು ಹೆಚ್ಚಾಗಿ ಈ ಹಂತದಲ್ಲೇ, ಏಕೆಂದರೆ ಗಿರಾಕಿಯ ಕಣ್ಣಿಗೆ ಅಂದು ವ್ಯತ್ಯಾಸ ಕಾಣುವುದಿಲ್ಲ.

ಇನ್ನು ಮಾರ್ಕರಿನ ವಿಷಯ. ಅದರ ಒಳಗೆ ಬೋಲ್ಟ್ ಸರಿದಾಡುತ್ತದೆ, ರಬ್ಬರಿನ ರಿಂಗುಗಳು ಗಾಳಿಯನ್ನು ತಡೆದು ಹಿಡಿಯುತ್ತವೆ. ಅಳತೆ ಸ್ವಲ್ಪ ಸಡಿಲವಾದರೂ ಗಾಳಿ ಸೋರುತ್ತದೆ. ಪೊರೆ ಬೆಳೆಯುವಾಗ ಸುಮಾರು ಮೂರನೇ ಎರಡು ಭಾಗ ಲೋಹವನ್ನು ತಿಂದು ಒಳಕ್ಕೂ, ಮೂರನೇ ಒಂದು ಭಾಗ ಹೊರಕ್ಕೂ ಬೆಳೆಯುತ್ತದೆ. 25 ಮೈಕ್ರಾನ್ ಪೊರೆ ಬಂದರೆ ಪ್ರತಿ ಬದಿಯಲ್ಲಿ ಸುಮಾರು 17 ಮೈಕ್ರಾನ್ ಲೋಹ ಖರ್ಚಾಯಿತು. ಹಳೆಯ ಬಣ್ಣ ತೆಗೆದು ಹೊಸದನ್ನು ಹಾಕಿಸುವಾಗ ಆ ಪೊರೆ ಕರಗಿಹೋಗುತ್ತದೆ, ತಿಂದ ಲೋಹ ಮರಳಿ ಬರುವುದಿಲ್ಲ. ಹೀಗಾಗಿ ಒಂದು ಸುತ್ತಿಗೆ ಒಳತೂತು ಸುಮಾರು 34 ಮೈಕ್ರಾನ್ ಅಗಲವಾಗುತ್ತದೆ. ಇದು ತಲೆಗೂದಲಿನ ಅರ್ಧ ದಪ್ಪ. ಕಾಸ್ಟಿಕ್ ತಿನ್ನುವ ಲೋಹ ಇದಕ್ಕೆ ಹೊರತು. ಆದ್ದರಿಂದ ಒಳತೂತು ಮತ್ತು ಮರೆಗಳನ್ನು ಮೊದಲೇ ಮುಚ್ಚಿಸಿ. ವರ್ಷಕ್ಕೊಂದು ಬಣ್ಣ ಬದಲಿಸುವ ಶೋಕಿ ಬೇಡ.

ಕೊಡುವ ಮುನ್ನ ಉಕ್ಕಿನ ಸ್ಕ್ರೂ, ಸ್ಪ್ರಿಂಗ್, ಹಿತ್ತಾಳೆಯ ತುಂಡುಗಳನ್ನೆಲ್ಲ ಬಿಚ್ಚಿ ತೆಗೆಯಿರಿ. ಆಮ್ಲದ ತೊಟ್ಟಿಯಲ್ಲಿ ಅವು ತಾವೂ ಕೆಡುತ್ತವೆ, ಕೆಲಸವನ್ನೂ ಕೆಡಿಸುತ್ತವೆ. 6061 ಎಂಬ ಮಿಶ್ರಲೋಹದಿಂದ ಕೊರೆದು ಮಾಡಿದ ಭಾಗಕ್ಕೆ ಬಣ್ಣ ಚೆನ್ನಾಗಿ ಹತ್ತುತ್ತದೆ. ಸಿಲಿಕಾನ್ ಹೆಚ್ಚಿರುವ ಎರಕದ ಅಲ್ಯೂಮಿನಿಯಂ ಬೂದಿಬಣ್ಣಕ್ಕೆ ತಿರುಗುತ್ತದೆ. ಅದು ಕೆಲಸಗಾರನ ತಪ್ಪಲ್ಲ, ಲೋಹದ ಗುಣ. ಎಲ್ಲ ಭಾಗಗಳನ್ನೂ ಒಂದೇ ಸಲಕ್ಕೆ ತೊಟ್ಟಿಗೆ ಇಳಿಸಿದರೆ ಛಾಯೆ ಹೊಂದಿಕೊಳ್ಳುವ ಸಂಭವ ಹೆಚ್ಚು.

ಒಂದು ಮಾತನ್ನು ಒತ್ತಿ ಹೇಳಬೇಕು. ಒತ್ತಡದ ಗಾಳಿ ತುಂಬುವ ಸಿಲಿಂಡರನ್ನು ಬಣ್ಣಕ್ಕೆಂದು ಎಂದೂ ಕೊಡಬೇಡಿ. ಕಾಸ್ಟಿಕ್ ಅದರ ಗೋಡೆಯನ್ನು ತೆಳುವಾಗಿಸುತ್ತದೆ. ಒಲೆಯಲ್ಲಿ ಬೇಯಿಸುವ ಪೌಡರ್ ಕೋಟಿಂಗ್ ಮಾಡಿಸಿದರೆ ಲೋಹದ ಬಲವೇ ಕುಗ್ಗುತ್ತದೆ. ಅಂಥ ಸಿಲಿಂಡರ್ ಸಿಡಿದರೆ ಜೀವಕ್ಕೇ ಅಪಾಯ. ಬಣ್ಣದ ಆಯ್ಕೆಯಲ್ಲೂ ವಿವೇಕವಿರಲಿ. ಅಪ್ಪಟ ಕಪ್ಪು ಮಾರ್ಕರ್ ದೂರದಿಂದ ನಿಜವಾದ ಬಂದೂಕಿನಂತೆ ಕಾಣುತ್ತದೆ. ಕಾವಲುಗಾರರಿರುವ ಕ್ಯಾಂಪಿನಂಥ ಪ್ರದೇಶದಲ್ಲಿ ಅದನ್ನು ಬಯಲಾಗಿ ಹಿಡಿದು ಓಡಾಡುವುದು ಸಲ್ಲದು. ಕಿತ್ತಳೆ, ನೀಲಿ, ಹಸಿರು ಬಣ್ಣಗಳು ಇದು ಆಟದ ವಸ್ತು ಎಂದು ತಾವೇ ಸಾರುತ್ತವೆ.

ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಎರಡು ಸುಲಭ ಪರೀಕ್ಷೆಗಳಿವೆ. ಒಂದು, ಎಲೆಕ್ಟ್ರಿಷಿಯನ್ನರ ಮಲ್ಟಿಮೀಟರಿನ ಎರಡೂ ಕಡ್ಡಿಗಳನ್ನು ಮೇಲ್ಮೈಗೆ ಮೆಲ್ಲನೆ ಮುಟ್ಟಿಸಿ. ಆನೋಡೈಸ್ ಆದ ಪೊರೆ ವಿದ್ಯುತ್ತನ್ನು ಹರಿಯಗೊಡದು. ಮೀಟರ್ ಸದ್ದು ಮಾಡಿದರೆ ಪೊರೆ ಇಲ್ಲವೆಂದೇ ಅರ್ಥ. ಎರಡು, ಕಾಣದ ಮೂಲೆಯಲ್ಲಿ ಒಂದು ಹನಿ ಶಾಯಿ ಹಾಕಿ ಐದು ನಿಮಿಷ ಬಿಟ್ಟು ಒರೆಸಿ. ಕಲೆ ಉಳಿದರೆ ಸೀಲಿಂಗ್ ಅರೆಬರೆಯಾಗಿದೆ. ಕಪ್ಪು ಬಣ್ಣದ ಮೇಲೆ ಮಾತ್ರ ಈ ಎರಡನೆಯ ಪರೀಕ್ಷೆ ನಡೆಯದು.

ಈ ಕೆಲಸವನ್ನು ಮನೆಯ ಹಿತ್ತಲಲ್ಲಿ ಮಾಡಿ ನೋಡುವ ಉತ್ಸಾಹ ಹಲವರಿಗಿರುತ್ತದೆ. ದಯವಿಟ್ಟು ಬೇಡ. ಗಂಧಕಾಮ್ಲ ಚರ್ಮವನ್ನು ಸುಡುತ್ತದೆ. ತೊಟ್ಟಿಯಿಂದ ಏಳುವ ಆಮ್ಲದ ಹಬೆ ಶ್ವಾಸಕೋಶಕ್ಕೆ ಕೆಟ್ಟದ್ದು. ಋಣಾಗ್ರದಲ್ಲಿ ಹೊರಡುವ ಜಲಜನಕ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ವೃತ್ತಿಯಾಗಿ ಮಾಡುವವರಿಗೂ ಹಬೆ ಎಳೆಯುವ ಫ್ಯಾನು, ಕನ್ನಡಕ, ಕೈಗವಸು ಕಡ್ಡಾಯವಿರಲಿ. ಬಳಸಿದ ನೀರನ್ನು ಸುಣ್ಣದಿಂದ ಶಮನಗೊಳಿಸಿ, ಮಾಲಿನ್ಯ ನಿಯಂತ್ರಣ ಮಂಡಳಿಯ ನಿಯಮದಂತೆಯೇ ಹೊರಬಿಡಬೇಕು. ಗಟಾರಕ್ಕೆ ಸುರಿದ ಆಮ್ಲ ಕೊನೆಗೆ ಯಾರದೋ ಬಾವಿಯ ನೀರಿಗೆ ಸೇರುತ್ತದೆ.

ಕ್ಯಾಂಪಿನಿಂದ ಖಾನಾಪುರ ರಸ್ತೆ ಹಿಡಿದು ಹೊರಟರೆ ಉದ್ಯಮಬಾಗ್ ಸಿಗುತ್ತದೆ. ಎರಕ, ಲೇಥು, ಹೈಡ್ರಾಲಿಕ್ ಬಿಡಿಭಾಗಗಳ ಕೆಲಸದಲ್ಲಿ ಪಳಗಿದ ಕೈಗಳು ಅಲ್ಲಿವೆ. ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಭಾಗಗಳಿಗೇ ಆನೋಡೈಸಿಂಗ್ ನಡೆಯುತ್ತದೆ. ಈ ವಿದ್ಯೆ ಮೊದಲು ಬಳಕೆಗೆ ಬಂದದ್ದೂ ವಿಮಾನಕ್ಕಾಗಿಯೇ. 1923ರಲ್ಲಿ ಇಂಗ್ಲೆಂಡಿನಲ್ಲಿ ಸಮುದ್ರದ ಮೇಲಿಳಿಯುವ ವಿಮಾನಗಳ ಲೋಹವನ್ನು ಉಪ್ಪುನೀರಿನಿಂದ ಕಾಯಲು ಕ್ರೋಮಿಕ್ ಆಮ್ಲದ ವಿಧಾನ ರೂಪುಗೊಂಡಿತು. ಗಂಧಕಾಮ್ಲದ ವಿಧಾನ 1927ರದು. ಒಂದೊಂದೇ ವಸ್ತುವಿಗೆ ಗಿರಾಕಿ ಕೇಳಿದ ಬಣ್ಣ ಕೊಡುವ ಕಸುಬು ನಮ್ಮ ತರುಣರಿಗೆ ಅನ್ನದ ದಾರಿಯಾಗಬಲ್ಲದು. ಅದಕ್ಕೆ ದೊಡ್ಡ ಬಂಡವಾಳಕ್ಕಿಂತ ಹೆಚ್ಚಾಗಿ ಶಿಸ್ತು ಬೇಕು: ತೊಳೆಯುವುದರಲ್ಲಿ ಶ್ರದ್ಧೆ, ತೊಟ್ಟಿಯ ತಂಪಿನ ಮೇಲೆ ಕಣ್ಣು, ಸೀಲಿಂಗಿನಲ್ಲಿ ತಾಳ್ಮೆ.

ಗಿರಾಕಿಗಳಾದ ನೀವೂ ಬಣ್ಣ ಯಾವುದು, ದರ ಎಷ್ಟು ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಪೊರೆ ಎಷ್ಟು ಮೈಕ್ರಾನ್, ಸೀಲಿಂಗ್ ಎಷ್ಟು ಹೊತ್ತು, ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದೂ ಕೇಳಿ. ಕೇಳುವ ಗಿರಾಕಿ ಇದ್ದಲ್ಲಿ ಕೆಲಸವೂ ಒಳ್ಳೆಯದಾಗುತ್ತದೆ.