ಉಬ್ಬಿದ ಬ್ಯಾಟರಿ ಎಲ್ಲಿಗೆ ಹೋಗಬೇಕು?

(ಬಳಗದ ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ತುಮಕೂರು ರಸ್ತೆಯಲ್ಲಿ ಪೀಣ್ಯವನ್ನು ದಾಟಿ, ನೆಲಮಂಗಲದ ಆಚೆ ಸಾಗಿದರೆ ದಾಬಸ್‌ಪೇಟೆ ಸಿಗುತ್ತದೆ. ೨೦೦೫ರಲ್ಲಿ ಅಲ್ಲಿ 'ಇ-ಪರಿಸರ' ಎಂಬ ಘಟಕ ಆರಂಭವಾಯಿತು. ಹಳೆಯ ಕಂಪ್ಯೂಟರು, ಫೋನುಗಳನ್ನು ಕಳಚಿ ಲೋಹಗಳನ್ನು ಬೇರ್ಪಡಿಸಲು ಸರ್ಕಾರದ ಅನುಮತಿ ಪಡೆದ ದೇಶದ ಮೊದಲ ಘಟಕವದು. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳಿರುವ ನಗರಕ್ಕೆ ಅದು ಬೇಕೇ ಇತ್ತು. ಆದರೂ ಗುಜರಿ ಅಂಗಡಿಗಳ ಸುತ್ತಿಗೆ, ಬೆಂಕಿಗಳ ಪಾಲಾಗುವ ಸರಕು ಇಂದಿಗೂ ಬಹಳ. ನಮ್ಮ ಮನೆಗಳಿಂದ ಹೋದ ಮೊಬೈಲ್ ಬ್ಯಾಟರಿಯನ್ನು ಯಾರು, ಯಾವ ಕೈಗಳಿಂದ ಬಿಚ್ಚುತ್ತಾರೆಂದು ನಾವು ಕೇಳಿದ್ದೇವೆಯೇ?

ಆ ಚಪ್ಪಟೆ ಬಿಲ್ಲೆಯೊಳಗೆ ತಾಮ್ರದ ಹಾಳೆಯ ಮೇಲೆ ಗ್ರಾಫೈಟ್, ಅಲ್ಯೂಮಿನಿಯಂ ಹಾಳೆಯ ಮೇಲೆ ಸಾಮಾನ್ಯವಾಗಿ ಲಿಥಿಯಂ-ಕೋಬಾಲ್ಟ್ ಸಂಯುಕ್ತ ಇರುತ್ತವೆ. ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆ. ಎಲ್ಲವೂ ಹೊತ್ತಿಕೊಳ್ಳಬಲ್ಲ ದ್ರಾವಣದಲ್ಲಿ ನೆನೆದಿರುತ್ತವೆ. ಪೊರೆ ಹರಿದರೆ ಒಳಗೇ ಶಾರ್ಟ್ ಆಗಿ ಕಾವು ಹುಟ್ಟುತ್ತದೆ. ಆ ಕಾವು ಮತ್ತಷ್ಟು ಕಾವನ್ನು ಹುಟ್ಟಿಸಿ ಕೊನೆಗೆ ಬೆಂಕಿಯಾಗುತ್ತದೆ. ೨೦೦೭ರ ಆಗಸ್ಟಿನಲ್ಲಿ ನೋಕಿಯಾ ಕಂಪನಿ, ಚಾರ್ಜ್ ಮಾಡುವಾಗ ಅತಿಯಾಗಿ ಬಿಸಿಯಾಗಬಹುದೆಂದು ೪.೬ ಕೋಟಿ ಬ್ಯಾಟರಿಗಳ ಬಗ್ಗೆ ಎಚ್ಚರಿಕೆ ನೀಡಿ, ಬದಲಿಸಿಕೊಡಲು ಮುಂದಾಗಿತ್ತು. ದೊಡ್ಡ ಕಾರ್ಖಾನೆಗಳೂ ಎಡವುವ ಜಾಗವಿದು.

ಇನ್ನು ನಮ್ಮ ಎಡವಟ್ಟುಗಳು. ಮಳೆಗಾಲದಲ್ಲಿ ನೆನೆದ ಫೋನನ್ನು ಒಲೆಯ ಬದಿಯಲ್ಲೋ ಅಡಿಕೆ ಅಟ್ಟದ ಮೇಲೋ ಒಣಗಿಸುತ್ತೇವೆ. ಅಡಿಕೆಗೆ ಒಗ್ಗುವ ಕಾವು ಬ್ಯಾಟರಿಗೆ ಒಗ್ಗದು. ಫೋನನ್ನು ಆರಿಸಿ, ಒರೆಸಿ, ಗಾಳಿಯಾಡುವೆಡೆ ಇಡಿ. ಪೂರ್ತಿ ಒಣಗುವ ಮುನ್ನ ಚಾರ್ಜಿಗೆ ಹಾಕಬೇಡಿ. ಕಂಬಳಿ, ದಿಂಬುಗಳ ಕೆಳಗಿಟ್ಟು ಚಾರ್ಜ್ ಮಾಡುವುದೂ ಬೇಡ. ಪೂರ್ತಿ ಬರಿದಾದ ಮೇಲೆಯೇ ಚಾರ್ಜ್ ಮಾಡಬೇಕೆಂಬುದು ಹಳೆಯ ನಿಕ್ಕೆಲ್ ಬ್ಯಾಟರಿಗಳ ಕಾಲದ ಮಾತು. ಲಿಥಿಯಂಗೆ ಅದರಿಂದ ಹಾನಿಯೇ. ಸಿಗ್ನಲ್ ಕ್ಷೀಣವಾದ ನಮ್ಮ ಕಣಿವೆಗಳಲ್ಲಿ ಫೋನು ಟವರನ್ನು ಹುಡುಕುತ್ತಾ ಹೆಚ್ಚು ಶಕ್ತಿ ವ್ಯಯಿಸುತ್ತದೆ. ರಾತ್ರಿ ಅದನ್ನು ಆರಿಸಿಡುವುದು ಲೇಸು. (ನಮಗೂ ನಿದ್ದೆ ಬಂದೀತು.)

ಬ್ಯಾಟರಿ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜ್ ಮಾಡಬೇಡಿ. ಹೊರಗೆ ಕಾಣುವ ಲೋಹದ ತುದಿಗಳಿಗೆ ಟೇಪು ಅಂಟಿಸಿ, ಒಣ ಮರಳಿನ ಪಾತ್ರೆಯಲ್ಲಿ ಮನೆಯಿಂದಾಚೆ ಇಡಿ. ಗೊಬ್ಬರಗುಂಡಿಗೆ ಎಸೆಯಬಾರದು. ತರಗೆಲೆಯ ಬೆಂಕಿಗಂತೂ ಹಾಕಲೇಬಾರದು. ಆ ಹೊಗೆಯಲ್ಲಿ ಶ್ವಾಸಕೋಶವನ್ನು ಸುಡುವ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ.

ಬಳಸಿ ಮುಗಿದ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ೨೦೨೨ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಅವನ್ನು ಮನೆಯ ಕಸದಿಂದ ಬೇರೆ ಇಡುವುದು ನಮ್ಮ ಪಾಲಿನ ಕರ್ತವ್ಯ. ಆದರೆ ಕಾಗದದ ಮೇಲಿನ ಹೊಣೆ ತಾನಾಗಿ ಘಟ್ಟ ಹತ್ತಿ ಬರುವುದಿಲ್ಲ. ಫೋನು ಮಾರಿದ ಅಂಗಡಿಯವರನ್ನೂ ಗ್ರಾಮ ಪಂಚಾಯಿತಿಯನ್ನೂ ನಾವೇ ಕೇಳಬೇಕು. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಎತ್ತೋಣ. ಅಲ್ಲಿಯವರೆಗೆ ಉಬ್ಬಿದ ಬ್ಯಾಟರಿಯನ್ನು ಯಾರೂ ಚೀಲದಲ್ಲಿಟ್ಟುಕೊಂಡು ಬೆಂಗಳೂರಿನ ಬಸ್ಸು ಹತ್ತಬೇಡಿ.