ಒಂದು ಮನೆಯ ಹೊರೆಯಲ್ಲ
(ಕರಿಕೆಯ ಸಭೆಯಲ್ಲಿ ಮಾಡಿದ ಭಾಷಣ)



ಕರಿಕೆಯಿಂದ ಭಾಗಮಂಡಲದ ದಾರಿಯಾಗಿ ಮಡಿಕೇರಿಗೆ ಸುಮಾರು 60 ಕಿಲೋಮೀಟರು. ಮಳೆಗಾಲದಲ್ಲಿ ಗುಡ್ಡ ಜರಿದರೆ ಆ ದಾರಿಯೂ ಇಲ್ಲ. ಆದರೂ ಕಾಲು ಮುರಿದವನನ್ನು ನಾವು ಹೇಗಾದರೂ ಜೀಪು ಹತ್ತಿಸುತ್ತೇವೆ. ನಾಲ್ಕು ಮನೆಯವರು ಓಡಿಬರುತ್ತಾರೆ. ಆದರೆ ಯಾರೂ ಇಲ್ಲದ ಕಡೆ ದನಿ ಕೇಳುವ, ಹೆತ್ತ ತಾಯಿಯೇ ಅನ್ನಕ್ಕೆ ವಿಷ ಬೆರೆಸುತ್ತಾಳೆಂದು ನಂಬುವ ಮಗನಿರುವ ಮನೆಯ ಕಡೆ ನಾವು ಕಾಲಿಡುವುದಿಲ್ಲ. ಆ ಮನೆಯಲ್ಲಿ ಅವನೊಡನೆ ಉಳಿಯುವವಳು ಬಹುಮಟ್ಟಿಗೆ ಒಬ್ಬಳೇ: ತಾಯಿ, ಇಲ್ಲವೆ ಹೆಂಡತಿ.

ಅವಳ ಲೆಕ್ಕವನ್ನು ಇಂದು ಹಾಕೋಣ. ಮಗನ ಕಾವಲಿಗೆ ನಿಂತ ದಿನ ಅವಳಿಗೆ ಕೂಲಿಯಿಲ್ಲ. ಮದ್ದು ತರಲು ಹೋದ ದಿನವೂ ಇಲ್ಲ, ಮೇಲೆ ಬಸ್ಸಿನ ಖರ್ಚು. ಸಣ್ಣ ಅಂಗಡಿಯವರಾದರೆ ಅಂದು ಅಂಗಡಿಗೆ ಬೀಗ. ಒಬ್ಬನ ಕಾಯಿಲೆಗೆ ಇಬ್ಬರ ಸಂಪಾದನೆ ಹೋಯಿತು. ಸಾಲ ಏರಿದಾಗ ಮಾತ್ರೆ ನಿಲ್ಲುತ್ತದೆ. ಮಾತ್ರೆ ನಿಂತರೆ ಕಾಯಿಲೆ ಮರಳುತ್ತದೆ. ಇದನ್ನು ಹಣೆಬರಹ ಎನ್ನುತ್ತೇವೆ. ಇದು ಹಣೆಬರಹವಲ್ಲ, ವ್ಯವಸ್ಥೆಯ ದೋಷ.

ಮನೆಯವರನ್ನು ಜೊತೆಗಿಟ್ಟುಕೊಂಡರೆ ಏನಾಗುತ್ತದೆಂಬುದು ಹೊಸ ವಿಷಯವಲ್ಲ. 1950ರ ದಶಕದಲ್ಲಿಯೇ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ರೋಗಿಗಳೊಡನೆ ಅವರ ಮನೆಯವರನ್ನೂ ಅಂಗಳದ ಡೇರೆಗಳಲ್ಲಿ ಇರಿಸಿಕೊಂಡು, ಕಾಯಿಲೆಯ ಗುಣವನ್ನು ತಿಳಿಸಿ ಹೇಳಿದರು. ಮುಂದೆ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು, ಬೈಗುಳ ಹೆಚ್ಚಿರುವ ಮನೆಗಳಲ್ಲಿ ಕಾಯಿಲೆ ಮತ್ತೆ ಮರುಕಳಿಸುವುದು ಹೆಚ್ಚೆಂದು ಕಂಡುಕೊಂಡರು. ಹಾಗೆಂದು ಮನೆಯವರಿಂದ ಕಾಯಿಲೆ ಬಂತೆಂದು ಯಾರೂ ಆಡಬಾರದು. ವರ್ಷಗಟ್ಟಲೆ ನಿದ್ದೆಗೆಟ್ಟವರ ಮಾತು ಕಟುವಾಗುತ್ತದೆ. ಅವರ ದಣಿವನ್ನು ಇಳಿಸದೆ ಅವರಿಗೆ ಬುದ್ಧಿ ಹೇಳಿ ಫಲವೇನು?

ದಣಿದವರನ್ನು ಕೈಬಿಟ್ಟದ್ದರ ಫಲವನ್ನು ದೇಶ 2001ರ ಆಗಸ್ಟ್ 6ರಂದು ಕಂಡಿತು. ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದ ರೋಗಿಗಳು ಓಡಲಾಗದೆ ಬೆಂದರು. 28 ಮಂದಿ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯಿದೆ ಸರಪಳಿಯನ್ನು ನಿಷೇಧಿಸಿದೆ. ಅಗತ್ಯ ಮದ್ದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗಬೇಕೆಂದೂ ಅದೇ ಕಾಯಿದೆ ಹೇಳುತ್ತದೆ. ಇದು ಯಾರ ದಯೆಯೂ ಅಲ್ಲ, ನಮ್ಮ ಹಕ್ಕು.

ಕಾಡಿನ ಸೀಮೆಯಲ್ಲಿ ಇದು ಆಗದ ಮಾತು ಎನ್ನುವವರು ತೀರ್ಥಹಳ್ಳಿಯನ್ನು ನೋಡಲಿ. ಅದೂ ನಮ್ಮಂತೆಯೇ ಮಲೆನಾಡು, ಅಡಕೆಯ ಊರು. ಅಲ್ಲಿ 2005ರಿಂದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಸ್ಕಿಜೋಫ್ರೇನಿಯಾ ಪೀಡಿತರನ್ನು ಹುಡುಕಿ, ತಾಲ್ಲೂಕಿನಲ್ಲೇ ಚಿಕಿತ್ಸೆ ಕೊಡಿಸುವ ಕೆಲಸ ಹಿಡಿದರು. ಅಲ್ಲಿ ವೈದ್ಯರೇ ರೋಗಿಯ ಊರಿಗೆ ಹೋದರು.

ಆದ್ದರಿಂದ ನಮ್ಮ ಬೇಡಿಕೆಗಳು ಮೂರು. ಮದ್ದು ಜಿಲ್ಲಾ ಕೇಂದ್ರದಲ್ಲಷ್ಟೇ ಅಲ್ಲ, ಅತಿ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೂ ತಪ್ಪದೆ ಸಿಗಲಿ. ರೋಗಿಯನ್ನು ಕರೆದೊಯ್ಯುವ ದಿನ ಕೆಲಸಗಾರರಿಗೆ ಕೂಲಿ ಸಹಿತ ರಜೆ ಸಿಗಲಿ. ಗಿರಣಿ ಮತ್ತು ತೋಟಗಳ ಸಂಘಗಳು ಇದನ್ನು ಬೋನಸ್ಸಿನ ಬೇಡಿಕೆಯಷ್ಟೇ ಗಟ್ಟಿಯಾಗಿ ಮುಂದಿಡಲಿ. ಗುಣವಾಗಿ ಬಂದವನಿಗೆ ಹಳೆಯ ಕೆಲಸ ಮರಳಿ ಸಿಗಲಿ.

ಸರ್ಕಾರದ ದಾರಿ ಕಾಯದೆ ನಾವು ಮಾಡಬಹುದಾದದ್ದೂ ಉಂಟು. ಹರಕೆ ಹೊರುವವರು ಹೊರಲಿ, ಮಾತ್ರೆ ಮಾತ್ರ ಬಿಡಿಸಬೇಡಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿಮಾನಸ್ ಸೇವೆಯ 14416ಕ್ಕೆ ಖರ್ಚಿಲ್ಲದೆ ಫೋನು ಮಾಡಿ ಕನ್ನಡದಲ್ಲೇ ಸಲಹೆ ಕೇಳಬಹುದು. ಆ ಸಂಖ್ಯೆಯನ್ನು ಅಂಗಡಿಯ ಗೋಡೆಯ ಮೇಲೆ ಬರೆದಿಡಿ. ವಾರಕ್ಕೊಂದು ಸಂಜೆ ಆ ಮನೆಗೆ ಹೋಗಿ ಕುಳಿತುಕೊಳ್ಳಿ. ತಾಯಿ ಅಷ್ಟು ಹೊತ್ತು ಮಲಗಲಿ. ಅವರ ಮಗಳ ಮದುವೆಯ ಮಾತು ಬಂದಾಗ ಅಣ್ಣನ ಕಾಯಿಲೆಯನ್ನು ಎತ್ತಿ ಆಡಬೇಡಿ.

ಕೂಲಿಗಾಗಿ ಒಟ್ಟಾಗಿ ನಿಲ್ಲಲು ಕಲಿತವರು ನಾವು. ಆ ಒಗ್ಗಟ್ಟು ಈ ಮನೆಗಳ ಹೊಸ್ತಿಲವರೆಗೂ ಹೋಗಲಿ.