ಒಂದು ಮೂಳೆ ದುರಸ್ತಿಯಾದರೆ ಸಾಲದು



ವಯಸ್ಸಾದ ತಾಯಂದಿರ ಬೆನ್ನುಮೂಳೆಯ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾಗಿ ಮೂಳೆ ಬೇಗ ಸವೆಯುತ್ತದೆ. ಇದು ಮಿತಿಮೀರಿದರೆ ಆಸ್ಟಿಯೋಪೊರೋಸಿಸ್. ಆಗ ನೀರಿನ ಬಿಂದಿಗೆ ಎತ್ತಿದರೂ, ಜೋರಾಗಿ ಕೆಮ್ಮಿದರೂ ಬೆನ್ನಿನ ಮೂಳೆ ಕುಸಿಯಬಹುದು. ನಾವು ಅದನ್ನು 'ವಯಸ್ಸಾಯಿತಲ್ಲ' ಎಂದು ತಳ್ಳಿಹಾಕುತ್ತೇವೆ.

ಕುಸಿದ ಮೂಳೆಯೊಳಗೆ ಸೂಜಿಯಿಂದ ಸಿಮೆಂಟ್ ತುಂಬುವ ಚಿಕಿತ್ಸೆಗೆ ವರ್ಟಿಬ್ರೊಪ್ಲಾಸ್ಟಿ ಎಂದು ಹೆಸರು. ಇದನ್ನು ಮೊದಲು ಮಾಡಿದ್ದು 1984ರಲ್ಲಿ, ಫ್ರಾನ್ಸ್‌ನಲ್ಲಿ. ಆದರೆ 2009ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಲ್ಲಿ, ಸಿಮೆಂಟ್ ತುಂಬಿಸಿಕೊಂಡವರಿಗೂ ಸಿಮೆಂಟಿಲ್ಲದೆ ತೋರಿಕೆಯ ಚಿಕಿತ್ಸೆ ಪಡೆದವರಿಗೂ ನೋವು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಯಿತು. ಆದ್ದರಿಂದ ಇದು ಎಲ್ಲರಿಗೂ ಬೇಕಾದ ಚಿಕಿತ್ಸೆಯಲ್ಲ. ಯಾರಿಗೆ ಬೇಕೆಂಬುದನ್ನು ತಜ್ಞರು ನೋಡಿ ಹೇಳಬೇಕು.

ಚಿಕಿತ್ಸೆಯಾದ ಕೆಲವರಲ್ಲಿ ಪಕ್ಕದ ಮೂಳೆಯೇ ಮುರಿಯುತ್ತದೆ. ಗಟ್ಟಿ ಸಿಮೆಂಟಿನ ಒತ್ತಡವೇ ಕಾರಣವೇ ಎಂಬ ಚರ್ಚೆ ವೈದ್ಯರಲ್ಲಿ ಇನ್ನೂ ನಡೆದಿದೆ. ಆದರೆ ಒಂದು ಮಾತು ಸ್ಪಷ್ಟ: ಸಿಮೆಂಟ್ ಗಟ್ಟಿ ಮಾಡುವುದು ಒಂದು ಮೂಳೆಯನ್ನು, ಕಾಯಿಲೆ ಇರುವುದು ಎಲ್ಲ ಮೂಳೆಗಳಲ್ಲಿ. ಬೆನ್ನುಮೂಳೆ ಹೊಸದಾಗಿ ಮುರಿದ ಮಹಿಳೆಯರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ವರ್ಷದೊಳಗೆ ಮತ್ತೊಂದು ಮುರಿತವಾಯಿತೆಂದು 2001ರ ಅಧ್ಯಯನವೊಂದು ತೋರಿಸಿತು.

ನೋವು ನಿಂತೊಡನೆ ಔಷಧಿಯನ್ನೂ ನಿಲ್ಲಿಸುವುದು ದೊಡ್ಡ ಅಪಾಯ. ಆಲೆಂಡ್ರೊನೇಟ್ ಮಾತ್ರೆಯಿಂದ ಹೊಸ ಬೆನ್ನುಮೂಳೆ ಮುರಿತ ಸುಮಾರು ಅರ್ಧದಷ್ಟು ಕಡಿಮೆಯಾಯಿತೆಂದು 1996ರಲ್ಲೂ, ವರ್ಷಕ್ಕೊಮ್ಮೆ ಕೊಡುವ ಜೊಲೆಡ್ರೊನಿಕ್ ಆಮ್ಲದ ಡ್ರಿಪ್‌ನಿಂದ ಮೂರು ವರ್ಷಗಳಲ್ಲಿ ಶೇ. 70ರಷ್ಟು ಕಡಿಮೆಯಾಯಿತೆಂದು 2007ರಲ್ಲೂ ಪ್ರಕಟವಾಯಿತು. ಆದ್ದರಿಂದ ಆಸ್ಪತ್ರೆಯಿಂದ ಹೊರಡುವ ಮುನ್ನ ವೈದ್ಯರನ್ನು ಕೇಳಿ: ಡೆಕ್ಸಾ ಪರೀಕ್ಷೆ ಆಗಿದೆಯೇ? ಮೂಳೆಗೆ ಯಾವ ಔಷಧಿ, ಎಷ್ಟು ಕಾಲ? ವಿಟಮಿನ್ ಡಿ ಸಾಕಷ್ಟಿದೆಯೇ? ಬಿಸಿಲಿನ ನಾಡಾದರೂ ನಮ್ಮಲ್ಲಿ ಈ ಕೊರತೆ ವ್ಯಾಪಕ. ಮನೆಯೊಳಗೇ ಇರುವ ತಾಯಂದಿರು ಅಂಗಳದಲ್ಲೋ ಮಾಳಿಗೆಯಲ್ಲೋ ದಿನವೂ ಸ್ವಲ್ಪ ಬಿಸಿಲಿಗೆ ಮೈಯೊಡ್ಡಬೇಕು.

ಬೆನ್ನು ಬಗ್ಗಿಸಿ ಭಾರ ಎತ್ತಬಾರದು. ರುಕೂ, ಸುಜೂದ್‌ಗೆ ಬಾಗುವುದು ಅಪಾಯವೆಂದು ವೈದ್ಯರು ಹೇಳಿದರೆ ಕುರ್ಚಿಯಲ್ಲಿ ಕುಳಿತು ಸನ್ನೆಯಿಂದ ನಮಾಜ್ ಮಾಡಬಹುದು. ದೀನ್ ಈ ರಿಯಾಯಿತಿ ಕೊಟ್ಟಿದೆ, ಸಂಕೋಚ ಬೇಡ.

ವಿದ್ಯಾರ್ಥಿಗಳೇ, ತಾಯಿಯ ಪಾದದಡಿ ಸ್ವರ್ಗವಿದೆಯೆಂದು ಕೇಳುತ್ತಾ ಬೆಳೆದವರು ನಾವು. ಮನೆಯ ಅಜ್ಜಿಯ ಬೆನ್ನು ಬಾಗುತ್ತಿದೆಯೇ, ಎತ್ತರ ಕುಗ್ಗಿದೆಯೇ ನೋಡಿ. ಅವರ ಮಾತ್ರೆಯ ದಿನವನ್ನು ನೀವೇ ನೆನಪಿಸಿ. ಇದೂ ಖಿದ್ಮತ್ತೇ.

ಅಲ್ಲಾಹನು ನಮ್ಮ ತಾಯಂದಿರಿಗೆ ಆರೋಗ್ಯ ದಯಪಾಲಿಸಲಿ. ಆಮೀನ್. ವಸ್ಸಲಾಮ್.